ಸ್ಟಾರ್ಟರ್ ಬಾಕ್ಸಿನ ಮುಚ್ಚಳ ಬಿಗಿಯಾಗಿದೆ, ಆದರೂ ಮಳೆಗಾಲದಲ್ಲಿ ಒಳಗೆ ನೀರು. ಎಲ್ಲಿಂದ ಬರ್ತಿದೆ?

ತೋಟದಮನೆ:
ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ತೋಟದ ಕೆಳಗೆ ಹಳ್ಳದ ಪಕ್ಕ 5 ಎಚ್‌ಪಿ ಮೋಟರ್ ಇದೆ. ಮನೆಗೂ ಕೊಟ್ಟಿಗೆಗೂ ಅಲ್ಲಿಂದಲೇ ನೀರು ಬರಬೇಕು, ಹಾಗಾಗಿ ಮಳೆಗಾಲದಲ್ಲೂ ದಿನಾ ಓಡುತ್ತದೆ. ಸ್ಟಾರ್ಟರ್ ಇರೋದು ಪಂಪ್‌ಹೌಸಿನ ಹೊರಗೋಡೆಗೆ ಹೊಡೆದ ಫೈಬರ್ ಡಬ್ಬದೊಳಗೆ. ಡಬ್ಬದ ಮೇಲೆ ಐಪಿ 65 (ಧೂಳು, ನೀರು ತಡೆಯುವ ರೇಟಿಂಗ್) ಅಂತ ಅಚ್ಚು ಇದೆ. ಮುಚ್ಚಳದ ರಬ್ಬರ್ ಹೊಸದು, ಸ್ಕ್ರೂ ಎಲ್ಲ ಬಿಗಿ, ಮೇಲೆ ಒಂದು ತುಂಡು ಶೀಟಿನ ಮಾಡೂ ಇದೆ. ಆದರೂ ಜೂನ್ ಅರ್ಧ ಕಳೆದರೆ ಸಾಕು, ತಳದಲ್ಲಿ ಒಂದು ಬೆರಳು ನೀರು ನಿಂತಿರುತ್ತದೆ. ಹೋದ ವರ್ಷ ಕಾಂಟ್ಯಾಕ್ಟರಿನ ಕಾಯಿಲ್ ಸುಟ್ಟಿತು. ಈ ಸಲ ಓವರ್‌ಲೋಡ್ ರಿಲೇ ಟರ್ಮಿನಲ್ ತುಂಬಾ ಹಸಿರು ಕಿಲುಬು.

ಪೈಪ್‌ಗಳೆಲ್ಲ ಡಬ್ಬದ ತಳದಿಂದಲೇ ಒಳಗೆ ಬಂದಿವೆ, ಮೇಲಿಂದ ಒಂದೂ ಇಲ್ಲ. ಎಲೆಕ್ಟ್ರಿಷಿಯನ್ ಬಂದವರು ಮುಚ್ಚಳದ ಸುತ್ತ ಸಿಲಿಕೋನ್ ಬಳಿದು ಹೋದರು. ಈಗ ಮುಚ್ಚಳ ತೆಗೆಯೋಕೆ ಚಾಕು ಬೇಕು, ನೀರು ಮಾತ್ರ ಮಾಮೂಲಿ. ಯಾರಿಗಾದರೂ ಇದರ ಗುಟ್ಟು ಗೊತ್ತಿದ್ದರೆ ಹೇಳಿ ಮಾರಾಯ್ರೆ.

ಸುಮ್ನೆ_ಓದುಗ:
ಪಕ್ಕದ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆಯೇ 7,000 ಮಿ.ಮೀ. ಮೇಲೆ. ನಿಮ್ಮ ಡಬ್ಬದಲ್ಲಿ ಒಂದೇ ಬೆರಳು ನೀರು ಅಂದ್ರೆ ಪುಣ್ಯ ಮಾಡಿದ್ದೀರಿ ಬಿಡಿ.

ಟೆರೇಸ್_ಸೋಲಾರ್:
ಮೊದಲು ಡಬ್ಬವನ್ನು ಗೋಡೆಗೆ ಹೊಡೆದ ಸ್ಕ್ರೂಗಳನ್ನು ನೋಡಿ. ನಾವು ಸೋಲಾರ್ ಕೆಲಸದಲ್ಲಿ ಜಾಸ್ತಿ ನೋಡೋದು ಇದನ್ನೇ. ಕಂಪನಿಯವರು ಮೂಲೆಯಲ್ಲಿ, ರಬ್ಬರಿನ ಆಚೆ ಬದಿಗೆ ಫಿಟ್ಟಿಂಗ್ ತೂತು ಕೊಟ್ಟಿರುತ್ತಾರೆ. ಅದು ಗೋಡೆಯ ತೂತಿಗೆ ಸರಿಯಾಗಿ ಕೂರಲಿಲ್ಲ ಅಂತ ಹುಡುಗರು ಡಬ್ಬದ ಬೆನ್ನಿಗೇ ಡ್ರಿಲ್ ಇಟ್ಟು ಸ್ಕ್ರೂ ಹೊಡೆದು ಹೋಗ್ತಾರೆ. ಗೋಡೆ ಮೇಲೆ ಇಳಿಯೋ ನೀರು ಆ ಸ್ಕ್ರೂ ಹಿಡಿದು ಒಳಗೆ ಬರುತ್ತದೆ. ಇನ್ನೊಂದು, ಉಪಯೋಗಿಸದ ಗ್ಲ್ಯಾಂಡ್ (ಕೇಬಲ್ ಸುತ್ತ ಬಿಗಿ ಹಿಡಿಯೋ ರಬ್ಬರ್ ಇರುವ ಬಿರಡೆ) ತೂತುಗಳು. ಡಬ್ಬಕ್ಕೆ ನಾಲ್ಕು ತೂತು, ಕೇಬಲ್ ಎರಡು, ಉಳಿದ ಎರಡಕ್ಕೆ ಇನ್ಸುಲೇಷನ್ ಟೇಪ್. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಆ ಟೇಪ್ ಎದ್ದು ಬಂದಿರುತ್ತದೆ. ಅದಕ್ಕೆ ಅಂತಲೇ ಪ್ಲಗ್ ಸಿಗುತ್ತದೆ, ಅದನ್ನೇ ಹಾಕಬೇಕು.

ಬಯಲುಸೀಮೆ_ಬೋರ್:
ಪೈಪ್ ತಳದಿಂದ ಬಂದಿದೆ ಅಂತೀರಿ. ನೀರೇನು ಮೇಲಕ್ಕೆ ಹತ್ತುತ್ತಾ? ಇದು ಬೆವರು ನೀರು ಇರಬೇಕು. ನಿಮ್ಮ ಕಡೆ ಗಾಳಿಯೇ ಒದ್ದೆ ಅಲ್ವಾ. ರಾತ್ರಿ ತಣ್ಣಗಾದಾಗ ಮುಚ್ಚಳದ ಒಳಗೆ ಹನಿ ಕಟ್ಟಿ ಕೆಳಗೆ ಇಳಿಯುತ್ತದೆ. ಒಂದು 60 ವಾಟ್ ಬಲ್ಬ್ ಉರಿಸಿ ಬಿಡಿ ಒಳಗೆ, ಆಗ್ತದೆ.

ಪ್ಯಾನಲ್_ಕೆಲಸ:
ಒಂದು ಬೆರಳು ನೀರು ಬೆವರಿನದ್ದಲ್ಲ. ಲೆಕ್ಕ ಹಾಕಿ ನೋಡಿ. 30 ಡಿಗ್ರಿಯಲ್ಲಿ ಪೂರ್ತಿ ತೇವ ತುಂಬಿದ ಗಾಳಿ ಒಂದು ಘನ ಮೀಟರಿಗೆ ಸುಮಾರು 30 ಗ್ರಾಂ ನೀರು ಹಿಡಿಯುತ್ತದೆ, 20 ಡಿಗ್ರಿಯಲ್ಲಿ 17 ಗ್ರಾಂ. ಅಂದರೆ ತಣ್ಣಗಾದಾಗ ಘನ ಮೀಟರಿಗೆ 13 ಗ್ರಾಂ ಹೊರಗೆ ಬೀಳುತ್ತದೆ. ಡಬ್ಬ 20 ಲೀಟರಿನದ್ದು ಅಂತಿಟ್ಟುಕೊಂಡರೂ ಒಂದು ರಾತ್ರಿಗೆ ಕಾಲು ಗ್ರಾಂ, ನಾಲ್ಕೈದು ಹನಿ. ಅದರಿಂದ ಕಿಲುಬು ಹಿಡಿಯುತ್ತದೆ, ಒಪ್ಪಿದೆ. ಆದರೆ ಇಷ್ಟು ಬೇಗ ನೀರು ನಿಲ್ಲಲ್ಲ. ಬಲ್ಬ್ ವಿಷಯ ದಯವಿಟ್ಟು ಬೇಡ, ಫೈಬರ್ ಡಬ್ಬದೊಳಗೆ ವೈರ್ ಪಕ್ಕ 60 ವಾಟ್ ಬಿಸಿ ಇಟ್ಟರೆ ಬೇರೆ ರಾಮಾಯಣ ಶುರುವಾಗುತ್ತದೆ.

ತೋಟದಮನೆ ಅವರೇ, ನನ್ನ ಪ್ರಶ್ನೆ ಒಂದೇ. ಡಬ್ಬಕ್ಕೆ ಬರೋ ಪೈಪಿನ ಇನ್ನೊಂದು ತುದಿ ಎಲ್ಲಿದೆ? ಎಷ್ಟು ಎತ್ತರದಲ್ಲಿದೆ?

ಅದನ್ನು ನೋಡುವ ಮೊದಲು ಒಂದು ಪರೀಕ್ಷೆ ಮಾಡಿ. ಮೇಲೆ ಮೀಟರ್ ಹತ್ತಿರದ ಮೇನ್ ಸ್ವಿಚ್ ಆಫ್ ಮಾಡಿ, ಫ್ಯೂಸ್ ಕೈಗೆ ತೆಗೆದುಕೊಂಡು ಜೇಬಿನಲ್ಲಿ ಇಟ್ಟುಕೊಳ್ಳಿ. ಕೆಳಗೆ ಬಂದು ಮೂರೂ ಫೇಸಿಗೆ ಒಂದೊಂದಾಗಿ ಟೆಸ್ಟರ್ ಇಡಿ. ಕರೆಂಟ್ ಹೋಗಿದೆ ಅಂತ ನಂಬಿ ಕೈ ಹಾಕಬೇಡಿ, ಯಾವ ಗಳಿಗೆಯಲ್ಲಿ ಬರುತ್ತದೆ ಅಂತ ಹೇಳೋಕೆ ಆಗಲ್ಲ. ಕೆಪಾಸಿಟರ್ ಇದ್ದರೆ ಅದರ ಕಡ್ಡಿಗಳನ್ನೂ ಮುಟ್ಟಬೇಡಿ, ಆಫ್ ಆದ ಮೇಲೂ ಅದರಲ್ಲಿ ಚಾರ್ಜ್ ಉಳಿದಿರುತ್ತದೆ. ಆಮೇಲೆ ಡಬ್ಬವನ್ನು ಬಟ್ಟೆಯಲ್ಲಿ ಪೂರ್ತಿ ಒರೆಸಿ. ಒಳಗಿನ ಗೋಡೆಗೆ, ನಾಲ್ಕೂ ಬದಿಗೆ ಮತ್ತು ಬೆನ್ನಿಗೆ, ಸ್ಕೂಲಿನ ಸೀಮೆಸುಣ್ಣ ಅಡ್ಡ ಇಟ್ಟು ಅಗಲವಾಗಿ ಉಜ್ಜಿ. ಪ್ರತಿ ಪೈಪಿನ ಬಾಯಿಗೆ ವೈರ್ ಸುತ್ತ ಒಣ ಹತ್ತಿ ಸಡಿಲವಾಗಿ ತುರುಕಿ. ಹತ್ತಿಯಾಗಲಿ ಸೀಮೆಸುಣ್ಣದ ಪುಡಿಯಾಗಲಿ ಟರ್ಮಿನಲ್, ಕಾಂಟ್ಯಾಕ್ಟರ್ ಹತ್ತಿರ ಹೋಗಬಾರದು. ಮುಚ್ಚಳ ಹಾಕಿ, ಜೋರು ಮಳೆ ಒಂದು ಹೋಗಲಿ, ಅಲ್ಲಿವರೆಗೆ ಮೋಟರ್ ಹಾಕಬೇಡಿ. ಮುಚ್ಚಳದಿಂದ ಅಥವಾ ಸ್ಕ್ರೂವಿನಿಂದ ಬಂದರೆ ಸುಣ್ಣ ಗೆರೆಗೆರೆಯಾಗಿ ತೊಳೆದು ಹೋಗಿರುತ್ತದೆ. ಪೈಪಿನಿಂದ ಬಂದರೆ ಸುಣ್ಣ ಹಾಗೇ ಇದ್ದು ಹತ್ತಿ ಒದ್ದೆ. ಹಿಂಡಿ ನೋಡಿ, ಬಣ್ಣವೂ ಹೇಳುತ್ತದೆ.

ಕರಾವಳಿ_ಕರೆಂಟ್:
ಸೀಮೆಸುಣ್ಣದ ಐಡಿಯಾ ಭಾರಿ ಆಯ್ತು. ನಾವು ಇಲ್ಲಿ ನ್ಯೂಸ್‌ಪೇಪರ್ ಹಾಸಿ ನೋಡ್ತಿದ್ದೆವು. ಆದರೆ ಪೇಪರ್ ಎಲ್ಲ ಕಡೆ ಒಟ್ಟಿಗೇ ಒದ್ದೆಯಾಗಿ ಬಿಡುತ್ತದೆ, ಎಲ್ಲಿಂದ ಶುರುವಾಯ್ತು ಅಂತ ಗೊತ್ತಾಗಲ್ಲ.

ತೋಟದಮನೆ:
ಪ್ಯಾನಲ್ ಸರ್, ನೀವು ಹೇಳಿದ ಹಾಗೇ ಮಾಡಿದೆ. ಸುಣ್ಣ ಒಂದು ಚೂರೂ ತೊಳೆದಿಲ್ಲ. ಮೋಟರಿಗೆ ಹೋಗೋ ಪೈಪಿನ ಹತ್ತಿ ಒಣಗಿದೆ. ಮೀಟರಿಂದ ಬರೋ ಪೈಪಿನ ಹತ್ತಿ ಮಾತ್ರ ಹೊರಗೆ ತಳ್ಳಿ ಬಿದ್ದಿದೆ, ಹಿಂಡಿದರೆ ಕೆಂಪು ನೀರು. ಪೈಪಿನ ಬಾಯಿಂದ ಡಬ್ಬದ ತಳದವರೆಗೆ ಸಣ್ಣಗೆ ಕೆಂಪು ಮಣ್ಣಿನ ಕೆನೆ ಕಟ್ಟಿದೆ. ಇಷ್ಟು ವರ್ಷ ಅದನ್ನು ತುಕ್ಕು ಅಂತಲೇ ನಾವೆಲ್ಲ ಅಂದುಕೊಂಡಿದ್ದೆವು.

ಇನ್ನೊಂದು ತುದಿ ಮೇಲಿನ ಅಂಗಳದಲ್ಲಿ ಮೀಟರ್ ಬೋರ್ಡಿನ ಕೆಳಗೆ ಇದೆ. ಅಲ್ಲಿಂದ ಮಣ್ಣಿನೊಳಗೆ ಒಂದು ಇಂಚಿನ ಪಿವಿಸಿ ಪೈಪ್, ಸುಮಾರು 100 ಮೀಟರ್, ತೋಟದ ನಡುವೆ ಇಳಿಜಾರಿನಲ್ಲಿ ಬಂದಿದೆ. ಎತ್ತರದ ವ್ಯತ್ಯಾಸ ಅಂದಾಜು 40 ಅಡಿ. ಪೈಪಿನ ಮೇಲಿನ ಬಾಯಿ ಆಕಾಶ ನೋಡ್ತಾ ನಿಂತಿದೆ, ವೈರ್ ಅದರಿಂದ ಎದ್ದು ಬೋರ್ಡಿಗೆ ಹೋಗುತ್ತದೆ. ಹಂಚಿನ ಮಾಡಿನ ಸೂರಿನ ನೀರು ಸರಿಯಾಗಿ ಅದರ ಪಕ್ಕಕ್ಕೇ ಬೀಳುತ್ತದೆ.

ಪ್ಯಾನಲ್_ಕೆಲಸ:
ಸಿಕ್ಕಿತಲ್ಲ. ನಿಮ್ಮ ಸ್ಟಾರ್ಟರ್ ಡಬ್ಬ ಈಗ ಒಂದು ನೀರಿನ ಲೈನಿನ ಕೊನೆ.

ಪೈಪ್ ತಳದಿಂದ ಬರಬೇಕು ಅನ್ನೋದು ಒಳ್ಳೆಯ ನಿಯಮವೇ. ಆದರೆ ಅದು ಡಬ್ಬದ ಹೊರಮೈ ಮೇಲೆ ಬೀಳೋ ಮಳೆಗೆ ಮಾತ್ರ. ಪೈಪಿನ ಒಳಗೇ ನೀರು ಬಂದರೆ, ಅದರ ಇನ್ನೊಂದು ತುದಿ ಎಷ್ಟು ಎತ್ತರದಲ್ಲಿದೆಯೋ ಅಷ್ಟೂ ಎತ್ತರಕ್ಕೆ ಏರೋಕೆ ಅದು ತಯಾರು. ನಿಮ್ಮದು 40 ಅಡಿ, ಅಂದರೆ 12 ಮೀಟರ್. 10 ಮೀಟರಿಗೆ ಚದರ ಸೆಂಟಿಮೀಟರಿಗೆ 1 ಕೆಜಿ ಲೆಕ್ಕ, ನಿಮ್ಮಲ್ಲಿ 1.2 ಕೆಜಿ. ಹತ್ತಿ ಹೊರಗೆ ತಳ್ಳಿ ಬಿದ್ದಿದ್ದರಲ್ಲಿ ಆಶ್ಚರ್ಯ ಇಲ್ಲ. ಒಂದು ಇಂಚಿನ ಪೈಪ್ 100 ಮೀಟರಿಗೆ ಸುಮಾರು 50 ಲೀಟರ್ ಹಿಡಿಯುತ್ತದೆ. ಅದು ತುಂಬಿ ನಿಂತಿದ್ದರೆ ನಿಮ್ಮ ಡಬ್ಬದಲ್ಲಿ ಬೆರಳು ನೀರಲ್ಲ, ಮೊಣಕೈವರೆಗೆ ಇರಬೇಕಿತ್ತು. ಪೈಪಿನ ಜಾಯಿಂಟ್‌ಗಳಲ್ಲಿ ದಾರಿಯುದ್ದಕ್ಕೂ ಸೋರಿ ಹೋಗಿ ಉಳಿದದ್ದು ನಿಮಗೆ ಬರ್ತಿದೆ.

ಇನ್ನು ಆ ಐಪಿ 65. ಅದರ ಎರಡನೇ ಅಂಕಿ 5 ಅಂದರೆ, 6.3 ಮಿ.ಮೀ. ಬಾಯಿಯ ನಳಿಗೆಯಿಂದ ನಿಮಿಷಕ್ಕೆ 12.5 ಲೀಟರ್ ನೀರನ್ನು ಎಲ್ಲ ಕಡೆಯಿಂದ ಹೊಡೆದರೂ ತಡೆಯುತ್ತದೆ ಅಂತ. ಹೊರಗಿನಿಂದ. ಪರೀಕ್ಷೆ ಮಾಡುವಾಗ ತೂತುಗಳೆಲ್ಲ ಸರಿಯಾದ ಗ್ಲ್ಯಾಂಡ್ ಅಥವಾ ಪ್ಲಗ್ ಹಾಕಿ ಮುಚ್ಚಿರುತ್ತಾರೆ. ನಾವು ನಾಕ್‌ಔಟ್ (ಒಡೆದು ತೂತು ಮಾಡೋಕೆ ಅಂತಲೇ ಬಿಟ್ಟ ತೆಳು ಬಿಲ್ಲೆ) ಒಡೆದು ಪಿವಿಸಿ ಪೈಪ್ ಸುಮ್ನೆ ತೂರಿಸಿದ ಕ್ಷಣವೇ ಆ ಅಂಕಿ ಹೋಯ್ತು. ಮುಚ್ಚಳದ ಮೇಲೆ ಎಷ್ಟು ಸಿಲಿಕೋನ್ ಬಳಿದರೂ ಅದು ವಾಪಸ್ ಬರಲ್ಲ.

ಕರಾವಳಿ_ಕರೆಂಟ್:
ಹಾಗಾದ್ರೆ ಕೆಳಗಿನ ಬಾಯಿಗೆ ಸ್ಪ್ರೇ ಫೋಮ್ ಹೊಡೆದು ಗಟ್ಟಿಯಾಗಿ ಮುಚ್ಚಿಬಿಟ್ಟರೆ ಆಯ್ತಲ್ಲ. ಅಥವಾ ಎಂ-ಸೀಲ್. ಅಷ್ಟಕ್ಕೆ ಯಾಕೆ ಇಷ್ಟು ಲೆಕ್ಕ?

ಪ್ಯಾನಲ್_ಕೆಲಸ:
ಕೆಳಗೆ ಮಾತ್ರ ಮುಚ್ಚಿದರೆ ಏನಾಗುತ್ತದೆ ನೋಡಿ. ಸೋರುವ ಜಾಯಿಂಟ್ ಎಲ್ಲಿದೆಯೋ ಅಲ್ಲಿವರೆಗೆ ಪೈಪ್ ತುಂಬಿ ನಿಲ್ಲುತ್ತದೆ, ವೈರ್ ಪೂರಾ ಮಳೆಗಾಲ ನೀರಲ್ಲಿ. ಮನೆ ವೈರಿಂಗಿನ ಮಾಮೂಲಿ ಪಿವಿಸಿ ವೈರ್ ವರ್ಷಗಟ್ಟಲೆ ನೀರಲ್ಲಿ ಮುಳುಗಿರೋಕೆ ಅಂತ ಮಾಡಿದ್ದಲ್ಲ. ಎಳೆಯುವಾಗ ಎಲ್ಲೋ ಒಂದು ಕಡೆ ಗೀರಿದ್ದರೆ ಸಾಕು, ಮೆಗ್ಗರ್ (ವೈರಿನ ಇನ್ಸುಲೇಷನ್ ಪರೀಕ್ಷಿಸೋ ಮೀಟರ್) ಇಟ್ಟರೆ ಗೊತ್ತಾಗುತ್ತದೆ. ಎರಡನೆಯದು, ಆ ಒತ್ತಡವನ್ನು ಫೋಮ್ ತಡೆಯಲ್ಲ. ಫೋಮ್ ಹೊರಗಿನಿಂದ ಗಟ್ಟಿ ಸಿಪ್ಪೆ ಹಾಗೆ ಕಂಡರೂ ಚಾಕುವಿನಿಂದ ಕತ್ತರಿಸಿದ ಕಡೆಯಿಂದ ನೀರು ಕುಡಿಯುತ್ತದೆ, ಕುಡಿದ ಮೇಲೆ ಬಿಡಲ್ಲ. ಎಂ-ಸೀಲ್ ಹಾಕಿದರೆ ಗಟ್ಟಿಯೇನೋ ಹೌದು, ನಾಳೆ ಒಂದು ವೈರ್ ಬದಲಿಸಬೇಕಾದರೆ ಪೈಪನ್ನೇ ಕತ್ತರಿಸಬೇಕು.

ತಡೆ ಹಾಕಬೇಕಾದ್ದು ಮೇಲಿನ ತುದಿಯಲ್ಲಿ. ಕೆಳಗಿನ ತುದಿಯಲ್ಲಿ ನೀರಿಗೆ ದಾರಿ ಬಿಡಬೇಕು. ಎರಡನ್ನೂ ಅದಲುಬದಲು ಮಾಡಿದರೆ ಕೆಲಸ ಕೆಟ್ಟಿತು.

ಮೇಲೆ ಹೀಗೆ. ಬೋರ್ಡಿನ ಕಡೆ ವೈರ್ ಬಿಚ್ಚಿ, ಪೈಪಿಗೆ ಎರಡು ಎಲ್ಬೋ ಸೇರಿಸಿ ಬಾಯಿಯನ್ನು ಕೊಡೆಯ ಹಿಡಿಯ ಹಾಗೆ ಕೆಳಕ್ಕೆ ತಿರುಗಿಸಿ. ವೈರ್ ಬಿಚ್ಚದೆ ಎಲ್ಬೋ ತೂರಿಸೋಕೆ ಆಗಲ್ಲ, ಹಾಗಾಗಿ ಗೊತ್ತಿರುವವರ ಕೈಲೇ ಮಾಡಿಸಿ. ಮೀಟರಿನ ಸೀಲ್ ಇರೋ ಭಾಗ ಮುಟ್ಟೋದು ಬೇಡ, ಅದು ಕರೆಂಟ್ ಕಂಪನಿ ಮೆಸ್ಕಾಂನವರದ್ದು. ವೈರ್ ಪೈಪಿನಿಂದ ಹೊರಗೆ ಬಂದ ಮೇಲೆ ಬೋರ್ಡಿಗೆ ಹತ್ತುವ ಮೊದಲು ಸ್ವಲ್ಪ ಕೆಳಗೆ ಜೋಲಲಿ, ಹನಿ ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಬಾಯಿಯಲ್ಲಿ ವೈರ್ ಸುತ್ತ ಗಟ್ಟಿಯಾಗದ ಡಕ್ಟ್ ಪುಟ್ಟಿ ಹಾಕಿ. ಕಿಟಕಿ ಗಾಜಿಗೆ ಹಾಕೋ ಪುಟ್ಟಿ ಬೇಡ, ಅದು ಒಣಗಿ ಬಿರಿಯುತ್ತದೆ. ಡಕ್ಟ್ ಪುಟ್ಟಿ ಅಂಗಡಿಯಲ್ಲಿ ಸಿಗದಿದ್ದರೆ ಬ್ಯುಟೈಲ್ ಟೇಪನ್ನು ಉಂಡೆ ಮಾಡಿ ತುಂಬಿದರೂ ನಡೆಯುತ್ತದೆ. ವೈರ್‌ಗಳನ್ನು ಒಂದೊಂದಾಗಿ ಬಿಡಿಸಿ ನಡುವೆಯೂ ತುಂಬಬೇಕು. ಹೊರಗಿನ ಸುತ್ತಿಗೆ ಮಾತ್ರ ಮೆತ್ತಿದರೆ ಮೂರು ವೈರಿನ ನಡುವಿನ ಸಂದಿಯಲ್ಲಿ ನೀರು ಆರಾಮಾಗಿ ಹೋಗುತ್ತದೆ.

ಕೆಳಗೆ ಹೀಗೆ. ಪೈಪ್ ನೆಲದಿಂದ ಎದ್ದು ಡಬ್ಬದ ತಳಕ್ಕೆ ಹೋಗುವ ನೇರ ಭಾಗ ಇದೆಯಲ್ಲ, ಅಲ್ಲಿ ಒಂದು ಟೀ (ಮೂರು ಬಾಯಿಯ ಪೈಪ್ ಜೋಡಣೆ) ಹಾಕಿ. ಟೀಯ ಕವಲು ಪಕ್ಕಕ್ಕೆ ಬರಲಿ, ಅದಕ್ಕೆ ಎಲ್ಬೋ ಕೊಟ್ಟು ಕೆಳಮುಖ ಮಾಡಿ. ಡಬ್ಬದ ತಳ ಆ ಕವಲಿಗಿಂತ ಕನಿಷ್ಠ ಒಂದು ಗೇಣು ಮೇಲಿರಲಿ. ಪೈಪಿನಲ್ಲಿ ನೀರು ಏರಿ ಬಂದರೆ ಕವಲಿನ ಮಟ್ಟ ಮುಟ್ಟಿದ ಕೂಡಲೇ ಹೊರಗೆ ಚೆಲ್ಲುತ್ತದೆ, ಡಬ್ಬದವರೆಗೆ ಹೋಗೋದೇ ಇಲ್ಲ. ಟೀಯಿಂದ ಡಬ್ಬದವರೆಗಿನ ಗೇಣುದ್ದ ಪೈಪಿನ ಮೇಲಿನ ಬಾಯಿಗೆ ಪುಟ್ಟಿ ಹಾಕಿ. ಇಲ್ಲಿ ನೀರಿನ ಒತ್ತಡ ಇಲ್ಲದ ಕಾರಣ ಪುಟ್ಟಿ ನಿಲ್ಲುತ್ತದೆ, ಮಣ್ಣಿನ ಪೈಪಿನ ತೇವದ ಗಾಳಿ ಡಬ್ಬಕ್ಕೆ ಬರೋದನ್ನು ತಡೆಯೋದಷ್ಟೇ ಅದರ ಕೆಲಸ. ಟೀ ಹಾಕೋಕೆ ಪೈಪ್ ಕತ್ತರಿಸುವಾಗ ಒಳಗೆ ವೈರ್ ಇದೆ ಅನ್ನೋದು ನೆನಪಿರಲಿ. ಬ್ಲೇಡನ್ನು ಒಂದೇ ಕಡೆ ಒತ್ತಬೇಡಿ, ಪೈಪ್ ಸುತ್ತ ತಿರುಗಿಸಿ ತಿರುಗಿಸಿ ಗೀರು ಹಾಕಿ, ಕೊನೆಗೆ ಕೈಯಲ್ಲಿ ಮುರಿಯಿರಿ.

ಸುಮ್ನೆ_ಓದುಗ:
ಆ ಟೀ ಬಾಯಿಂದ ಹಲ್ಲಿ, ಇರುವೆ, ಚೇಳು ಎಲ್ಲ ಮನೆ ಮಾಡಲ್ವಾ?

ಪ್ಯಾನಲ್_ಕೆಲಸ:
ಮಾಡುತ್ತವೆ. ಸ್ಟೀಲ್ ಜಾಲರಿ ಕಟ್ಟಿ. ಸೊಳ್ಳೆ ಪರದೆಯಷ್ಟು ಸಣ್ಣ ಕಣ್ಣಿನದ್ದು ಬೇಡ, ಮಣ್ಣಿನ ಕೆನೆ ಕಟ್ಟಿ ಒಂದೇ ಮಳೆಗಾಲದಲ್ಲಿ ಮುಚ್ಚಿಹೋಗುತ್ತದೆ. ಇರುವೆ ಡಬ್ಬಕ್ಕೆ ಹೋಗದ ಹಾಗೆ ತಡೆಯೋದು ಟೀ ಮೇಲೆ ಡಬ್ಬದ ಬಾಯಿಗೆ ಹಾಕಿದ ಪುಟ್ಟಿ, ಜಾಲರಿ ಅಲ್ಲ.

ಹ್ಯೂಸ್ಟನ್_ಕನ್ನಡಿಗ:
ಇಲ್ಲಿ ಕುಳಿತು ಓದ್ತಾ ನಗು ಬಂತು, ಯಾಕಂದ್ರೆ ಇಲ್ಲಿನ ಇನ್‌ಸ್ಪೆಕ್ಟರ್‌ಗಳದ್ದೂ ಇದೇ ಜಗಳ. ಅಮೆರಿಕದ ಎಲೆಕ್ಟ್ರಿಕಲ್ ಕೋಡಿನಲ್ಲಿ ಇದಕ್ಕೆ ಸೀದಾ ಸೀದಾ ನಿಯಮ ಇದೆ. ನೆಲದೊಳಗಿಂದ ಬರುವ ಪೈಪಿನ ಮೂಲಕ ತೇವ ಕರೆಂಟ್ ಇರುವ ಭಾಗ ಮುಟ್ಟುವ ಹಾಗಿದ್ದರೆ ಒಂದು ತುದಿಯನ್ನೋ ಎರಡನ್ನೂ ಸೀಲ್ ಮಾಡಲೇಬೇಕು. ಇನ್ನೊಂದು ನಿಯಮ ನನಗೆ ಬಹಳ ಹಿಡಿಸಿದ್ದು: ಮಳೆ ಬೀಳುವ ಜಾಗದಲ್ಲಿ ನೆಲದ ಮೇಲೆ ಹಾಕಿದ ಪೈಪಿನ ಒಳಭಾಗವನ್ನೂ ಒದ್ದೆ ಜಾಗ ಅಂತಲೇ ಲೆಕ್ಕ ಹಿಡಿಯಬೇಕು. ಅಂದರೆ ಪೈಪ್ ಒಳಗೆ ಇದೆ, ಒಣಗಿರುತ್ತದೆ ಅನ್ನೋ ಮಾತೇ ಇಲ್ಲ, ಅದಕ್ಕೆ ತಕ್ಕ ವೈರೇ ಹಾಕಬೇಕು. ಒದ್ದೆ ಜಾಗದ ಬಾಕ್ಸಿಗೆ ಸೈಟಿನಲ್ಲೇ ಡ್ರೈನ್ ತೂತು ಕೊರೆಯೋಕೂ ಅನುಮತಿ ಇದೆ, 3 ಮಿ.ಮೀ.ಗಿಂತ ಸಣ್ಣದಲ್ಲ, 6 ಮಿ.ಮೀ.ಗಿಂತ ದೊಡ್ಡದಲ್ಲ. ಪೈಪ್ ಮೇಲಿಂದಲೇ ಬರಬೇಕಾದರೆ ರಬ್ಬರ್ ರಿಂಗ್ ಇರೋ ಹಬ್ ಹಾಕಿಸ್ತಾರೆ, ಬರೀ ಲಾಕ್‌ನಟ್ ಹಾಕಿದ್ದನ್ನು ನೋಡಿದರೆ ಫೇಲ್ ಮಾಡ್ತಾರೆ.

ಟೆರೇಸ್_ಸೋಲಾರ್:
ಡ್ರೈನ್ ತೂತಿನ ವಿಷಯದಲ್ಲಿ ನನ್ನದು ಬೇರೆ ಅಭಿಪ್ರಾಯ. ದುಡ್ಡು ಕೊಟ್ಟು ಐಪಿ 65 ಡಬ್ಬ ತಂದು ಅದರ ತಳಕ್ಕೆ ನಾವೇ ತೂತು ಹೊಡೆಯೋದಾ? ವಾರಂಟಿಯೂ ಹೋಯ್ತು. ನಮ್ಮ ಸೋಲಾರ್ ಡಿಸಿ ಬಾಕ್ಸ್‌ಗಳಿಗೆ ಸರಿಯಾದ ಗ್ಲ್ಯಾಂಡ್ ಹಾಕಿ ಬಿಗಿ ಮಾಡಿದರೆ ಒಳಗೆ ಏನೂ ಹೋಗಲ್ಲ.

ಪ್ಯಾನಲ್_ಕೆಲಸ:
ಕೇಬಲ್ ಗ್ಲ್ಯಾಂಡಿನಿಂದ ನೇರ ಒಳಗೆ ಬರೋ ಡಬ್ಬಕ್ಕೆ ನಿಮ್ಮ ಮಾತು ಬಹುಪಾಲು ಸರಿ. ಬಹುಪಾಲು ಅಂದೆ, ಪೂರ್ತಿ ಅಲ್ಲ. ಬಿಸಿಲಲ್ಲಿ ಡಬ್ಬದ ಒಳಗೆ 45 ಡಿಗ್ರಿ ಆಗಿರುತ್ತದೆ ಅನ್ನಿ. ಸಂಜೆ ದಿಢೀರ್ ಮಳೆ, ಹತ್ತೇ ನಿಮಿಷದಲ್ಲಿ 25ಕ್ಕೆ ಇಳಿಯಿತು. ಡಬ್ಬ ಪೂರ್ತಿ ಬಿಗಿಯಾಗಿದ್ದರೆ ಒಳಗಿನ ಒತ್ತಡ ಸುಮಾರು 6 ಪರ್ಸೆಂಟ್ ಇಳಿಯುತ್ತದೆ. ಅದು ಎರಡು ಅಡಿ ನೀರನ್ನು ಮೇಲಕ್ಕೆ ಎಳೆಯುವಷ್ಟು ಶಕ್ತಿ. ಅದೇ ಹೊತ್ತಿಗೆ ರಬ್ಬರ್ ಮೇಲೆ, ಗ್ಲ್ಯಾಂಡ್ ಸುತ್ತ ಮಳೆ ನೀರು ನಿಂತಿರುತ್ತದೆ. ಕೂದಲೆಳೆಯಷ್ಟು ಸಂದಿ ಸಿಕ್ಕರೆ ಡಬ್ಬ ನೀರನ್ನು ಹೀರಿಕೊಳ್ಳುತ್ತದೆ. ನಾಳೆ ಬಿಸಿಲಿಗೆ ಗಾಳಿ ಹೊರಗೆ ಹೋಗುತ್ತದೆ, ನೀರು ಹೋಗಲ್ಲ. ಅದಕ್ಕೇ ಬಿಗಿ ಡಬ್ಬದಲ್ಲೇ ಕೆಲವು ಸಲ ನೀರು ಜಾಸ್ತಿ.

ತೂತು ಬೇಡ ಅನ್ನುವವರಿಗೆ ಉಸಿರಾಡುವ ಪ್ಲಗ್ ಸಿಗುತ್ತದೆ. ಒಳಗೆ ತೆಳು ಪೊರೆ ಇರುತ್ತದೆ, ಗಾಳಿ ಬಿಡುತ್ತದೆ, ನೀರು ಬಿಡಲ್ಲ. ಗ್ಲ್ಯಾಂಡಿನ ತೂತಿಗೇ ಕೂರುತ್ತದೆ, ರೇಟಿಂಗೂ ಉಳಿಯುತ್ತದೆ. ಡ್ರೈನ್ ಕೂಡ ಆಗುವ ಬೇರೆ ನಮೂನೆಯದ್ದೂ ಬರುತ್ತದೆ. ಟೆರೇಸ್ ಮೇಲಿನ ನಿಮ್ಮ ಡಿಸಿ ಬಾಕ್ಸಿಗೆ ನಾನು ಹೇಳೋದು ಅದನ್ನೇ. ತೋಟದ ಸ್ಟಾರ್ಟರಿಗೆ, ಪೈಪಿನಿಂದ ನೀರು ಬರೋ ಸಾಧ್ಯತೆ ಇರೋ ಕಡೆ, ತಳದ ಅತಿ ತಗ್ಗಿನ ಮೂಲೆಯಲ್ಲಿ 5 ಮಿ.ಮೀ. ತೂತು. ನಾಕ್‌ಔಟ್ ಒಡೆದು ಪೈಪ್ ತೂರಿಸಿದ ಡಬ್ಬಕ್ಕೆ ರೇಟಿಂಗ್ ಹೋಗುತ್ತದೆ ಅಂತ ಚಿಂತೆ ಮಾಡೋಕೆ ಅಲ್ಲಿ ಏನು ಉಳಿದಿದೆ?

ಟೆರೇಸ್_ಸೋಲಾರ್:
ಪ್ಲಗ್ ಆದರೆ ಒಪ್ಪುತ್ತೇನೆ. ತೂತು ಮಾತ್ರ ಕಸ್ಟಮರ್ ಮನೆಯಲ್ಲಿ ನಾನು ಹೊಡೆಯಲ್ಲ, ನಾಳೆ ಏನಾದ್ರೂ ಆದ್ರೆ ನನ್ನ ತಲೆಗೇ ಬರುತ್ತದೆ.

ಬಯಲುಸೀಮೆ_ಬೋರ್:
ನಮ್ಮ ಕಡೆ ಬೋರ್‌ವೆಲ್ ಪ್ಯಾನಲ್‌ಗಳಲ್ಲಿ ಇನ್ನೊಂದು ತಾಪತ್ರಯ ಇದೆ, ಇದರಲ್ಲೇ ಕೇಳಿಬಿಡ್ತೇನೆ. ಸಬ್‌ಮರ್ಸಿಬಲ್‌ಗೆ ಬರೋದು ಚಪ್ಪಟೆ ಕೇಬಲ್, ಮೂರು ಕೋರ್ ಸಾಲಾಗಿ. ಗ್ಲ್ಯಾಂಡಿನ ರಬ್ಬರ್ ಗುಂಡಗೆ. ಎಷ್ಟು ತಿರುಗಿಸಿ ಬಿಗಿ ಮಾಡಿದರೂ ಚಪ್ಪಟೆ ಕೇಬಲಿನ ಎರಡೂ ಕಡೆ ಬೆಳಕು ಕಾಣುತ್ತದೆ. ನಮ್ಮಲ್ಲಿ ಮಳೆ ಕಮ್ಮಿ, ಆದರೆ ಬಂದಾಗ ಗಾಳಿ ಸಮೇತ ಅಡ್ಡ ಹೊಡೆಯುತ್ತದೆ, ಬೇಸಿಗೆ ಪೂರ್ತಿ ಧೂಳು ಬೇರೆ. ಏನು ಮಾಡಬಹುದು?

ಪ್ಯಾನಲ್_ಕೆಲಸ:
ಇದು ಬಹಳ ಜನ ಗಮನಿಸದ ವಿಷಯ, ಕೇಳಿದ್ದು ಒಳ್ಳೆಯದಾಯ್ತು. ಚಪ್ಪಟೆ ಕೇಬಲಿಗೆ ಅಂತಲೇ ಉದ್ದನೆ ಸೀಳಿನ ರಬ್ಬರ್ ಇರೋ ಗ್ಲ್ಯಾಂಡ್ ಇದೆ. ನಿಮ್ಮ ಕೇಬಲಿನ ಅಗಲ, ದಪ್ಪ ಎರಡನ್ನೂ ಅಳೆದು ತರಿಸಬೇಕು. ಸಿಗಲಿಲ್ಲ ಅಂದರೆ ಪ್ಯಾನಲ್ ಕೆಳಗೆ ಒಂದು ಸಣ್ಣ ಜಂಕ್ಷನ್ ಡಬ್ಬ ಹಾಕಿ, ಚಪ್ಪಟೆ ಕೇಬಲ್ ಅಲ್ಲಿಗೇ ಮುಗಿಯಲಿ, ಅಲ್ಲಿಂದ ಪ್ಯಾನಲಿಗೆ ಗುಂಡು ಕೇಬಲ್ ಗ್ಲ್ಯಾಂಡಿನಲ್ಲಿ ಹೋಗಲಿ. ಸೈಜ್ ಮೋಟರಿಗೆ ತಕ್ಕ ಹಾಗೆ ಇರಬೇಕು, ಕಮ್ಮಿ ಮಾಡಬೇಡಿ. ಹೊರ ಕವಚ ಸೀಳಿ ಮೂರು ಕೋರನ್ನು ಬೇರೆ ಮಾಡಿ ಒಂದೇ ಗ್ಲ್ಯಾಂಡಿನಲ್ಲಿ ತೂರಿಸೋರು ಇದ್ದಾರೆ, ಅದು ಬೇಡ. ಮೂರು ಗುಂಡು ವೈರಿನ ನಡುವೆ ತ್ರಿಕೋನದ ಸಂದಿ ಉಳಿದೇ ಉಳಿಯುತ್ತದೆ, ಸಾಲದ್ದಕ್ಕೆ ಕವಚ ಸೀಳಿದ ಕಡೆಯಿಂದ ಕೇಬಲಿನ ಹೊಟ್ಟೆಯೊಳಗೇ ನೀರು ಇಳಿಯುತ್ತದೆ.

ಕರಾವಳಿ_ಕರೆಂಟ್:
ಸಿಲಿಕೋನ್ ಬಗ್ಗೆ ನನ್ನದೊಂದು ಮಾತು. ಅಂಗಡಿಯಲ್ಲಿ ಸಿಲಿಕೋನ್ ಕೊಡಿ ಅಂದರೆ ಸಾಮಾನ್ಯವಾಗಿ ಕೈಗೆ ಬರೋದು ವಿನೆಗರ್ ವಾಸನೆ ಬರುವ ಜಾತಿ. ಗಾಜು, ಬಾತ್‌ರೂಮಿಗೆ ಸರಿ. ಮುಚ್ಚಿದ ಡಬ್ಬದೊಳಗೆ ಅದು ಒಣಗುವಾಗ ಬಿಡುವ ಆಮ್ಲ ತಾಮ್ರವನ್ನು ತಿನ್ನುತ್ತದೆ. ಮಳೆ ನೀರೇ ಬರದ ಡಬ್ಬದಲ್ಲಿ ಟರ್ಮಿನಲ್ ಹಸಿರಾಗಿದ್ದನ್ನು ನಾನು ಇಲ್ಲಿ ಕುಂದಾಪುರ ಕಡೆ ನೋಡಿದ್ದೇನೆ. ಮೊದಲು ಸಮುದ್ರದ ಉಪ್ಪು ಗಾಳಿ ಅಂತಲೇ ಎಲ್ಲರೂ ಹೇಳಿದರು, ಆದರೆ ಕಿಲುಬು ಇದ್ದದ್ದು ಸಿಲಿಕೋನ್ ಬಳಿದ ಬದಿಯ ಟರ್ಮಿನಲ್‌ಗಳಿಗೆ ಮಾತ್ರ. ನ್ಯೂಟ್ರಲ್ ಕ್ಯೂರ್ ಅಂತ ಟ್ಯೂಬ್ ಮೇಲೆ ಬರೆದಿರುವುದನ್ನು ಕೇಳಿ ತೆಗೆದುಕೊಳ್ಳಿ. ಕಪ್ಪು ಎಚ್‌ಡಿಪಿಇ ಪೈಪಿಗೆ ಯಾವ ಸಿಲಿಕೋನೂ ಹಿಡಿಯಲ್ಲ. ಅಂಟಿದ ಹಾಗೆ ಕಾಣುತ್ತದೆ, ಉಗುರಲ್ಲಿ ಎತ್ತಿದರೆ ಪೂರಾ ಪಟ್ಟಿ ಎದ್ದು ಬರುತ್ತದೆ.

ಪ್ಯಾನಲ್_ಕೆಲಸ:
ಹೌದು. ಒಂದು ಸೇರಿಸ್ತೇನೆ. ಬಿಸಿಲಲ್ಲಿರೋ ಪಿವಿಸಿ ಪೈಪ್ ಹಿಗ್ಗಿ ಕುಗ್ಗುತ್ತದೆ. 3 ಮೀಟರ್ ಪೈಪ್, 30 ಡಿಗ್ರಿ ವ್ಯತ್ಯಾಸ ಅಂದರೆ 5-6 ಮಿ.ಮೀ. ಡಬ್ಬಕ್ಕೆ ತೂರಿಸಿದ ತುದಿಯನ್ನು ಅದು ಎಳೆದೂ ತಳ್ಳಿಯೂ ಸಡಿಲ ಮಾಡುತ್ತದೆ. ಆದ್ದರಿಂದ ಅಡಾಪ್ಟರ್ ಹಾಕಿ, ಸಾಲ್ವೆಂಟ್ ಹಚ್ಚಿ, ರಬ್ಬರ್ ವಾಷರ್ ಡಬ್ಬದ ಹೊರಮೈಗೆ ಬರುವ ಹಾಗೆ ಕೂರಿಸಿ ಒಳಗಿನಿಂದ ನಟ್ ಬಿಗಿ ಮಾಡಿ. ವಾಷರ್ ಒಳಗೆ ಹಾಕೋರೇ ಜಾಸ್ತಿ.

ತೋಟದಮನೆ:
ಕೆಲಸ ಆಯ್ತು. ಮೇಲಿನ ಬಾಯಿ ತಿರುಗಿಸಿದ್ದೇವೆ, ಪುಟ್ಟಿ ತುಂಬಿದ್ದೇವೆ, ಕೆಳಗೆ ಟೀ ಹಾಕಿದ್ದೇವೆ. ವೈರ್ ಬಿಚ್ಚಿದ್ದರಿಂದ ಎಲೆಕ್ಟ್ರಿಷಿಯನ್ ಹತ್ರ ಮೆಗ್ಗರೂ ಇಡಿಸಿದೆ, ಪರವಾಗಿಲ್ಲ ಅಂದರು. ಮೇಲೆ ಬಂದ್ ಮಾಡಿದ ಮೇಲೂ ಜೋರು ಮಳೆಗೆ ಟೀಯಿಂದ ನೀರು ತೊಟ್ಟಿಕ್ಕುತ್ತದೆ, ಅಂದರೆ ನಡುವಿನ ಜಾಯಿಂಟ್‌ಗಳಿಂದಲೂ ಮಣ್ಣಿನ ನೀರು ಒಳಗೆ ಬರ್ತಿದೆ ಅಂತಾಯ್ತು. ಆದರೆ ಡಬ್ಬದ ತಳ ಒಣಗಿದೆ. ಬೆಳಗ್ಗೆ ಮುಚ್ಚಳದ ಒಳಮೈಗೆ ಮಂಜು ಕಟ್ಟಿದ ಹಾಗೆ ಇರುತ್ತದೆ, ಮಧ್ಯಾಹ್ನಕ್ಕೆ ಹೋಗುತ್ತದೆ. ಇದು ಬಯಲುಸೀಮೆಯವರು ಹೇಳಿದ ಬೆವರೇ ಅಲ್ವಾ?

ಬಯಲುಸೀಮೆ_ಬೋರ್:
ಹ್ಹ ಹ್ಹ, ನನ್ನ ಬೆವರು ಕೊನೆಗೂ ಬಂತು.

ಪ್ಯಾನಲ್_ಕೆಲಸ:
ಅದು ಬೆವರೇ. ತಳದ ತೂತೋ ಉಸಿರಾಡುವ ಪ್ಲಗ್ಗೋ ಒಂದು ಹಾಕಿ, ಕಮ್ಮಿಯಾಗುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಇಡೋರಿದ್ದಾರೆ, ಗಾಳಿ ಆಡುವ ಡಬ್ಬದಲ್ಲಿ ಅದು ಬೇಗ ತುಂಬಿಹೋಗುತ್ತದೆ, ಪ್ರಯೋಜನ ಇಲ್ಲ. ಟರ್ಮಿನಲ್ ಸ್ಕ್ರೂಗಳನ್ನು ಮಳೆಗಾಲ ಮುಗಿದ ಮೇಲೆ ಒಮ್ಮೆ ಬಿಗಿ ಮಾಡಿಸಿ, ಕಿಲುಬು ಹಿಡಿದ ಲಗ್ (ವೈರ್ ತುದಿಯ ಲೋಹದ ಕೊಂಡಿ) ಕತ್ತರಿಸಿ ಹೊಸದು ಹಾಕಿಸಿ. ಸ್ಯಾಂಡ್‌ಪೇಪರ್ ಉಜ್ಜಿ ಅದನ್ನೇ ವಾಪಸ್ ಹಾಕಿದರೆ ಅಲ್ಲೇ ಬಿಸಿಯಾಗುತ್ತದೆ. ಟೀಯಿಂದ ಬರೋ ನೀರು ಪಂಪ್‌ಹೌಸ್ ಗೋಡೆ ಬುಡಕ್ಕೆ ಬೀಳದ ಹಾಗೆ ನೋಡಿಕೊಳ್ಳಿ, ಅಷ್ಟೇ.

ತೋಟದಮನೆ:
ಸರಿ ಸರ್. ಕೊನೆಯದಾಗಿ ಒಂದು. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ದ್ರಾವಣ) ಹೊಡೆಯೋರು ಮುಂದಿನ ವಾರ ಬರ್ತಾರೆ. ಮರದಿಂದ ಹನಿ ಪೂರ್ತಿ ಡಬ್ಬದ ಮೇಲೇ ಬೀಳುತ್ತದೆ. ಏನಾದ್ರೂ ತೊಂದರೆ ಇದೆಯಾ?

ಕರಾವಳಿ_ಕರೆಂಟ್:
ಡಬ್ಬ ಫೈಬರ್ ಆದ್ದರಿಂದ ಅದಕ್ಕೇನಾಗಲ್ಲ. ಜಿಐ ಕ್ಲಾಂಪ್, ಸತು ಲೇಪದ ಸ್ಕ್ರೂ, ಅರ್ತ್ ಪಟ್ಟಿಯ ನಟ್ಟು, ಇವುಗಳಿಗೆ ಮೈಲುತುತ್ತ ಆಗಲ್ಲ, ಸತುವನ್ನು ತಿಂದು ಹಾಕುತ್ತದೆ. ಹೊಡೆಯೋ ಹೊತ್ತಿಗೆ ಪ್ಲಾಸ್ಟಿಕ್ ಹೊದಿಸಿ ಕಟ್ಟಿ. ಗೋಣಿ ಬೇಡ, ಅದು ದ್ರಾವಣ ಕುಡಿದು ಅಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಪ್ಲಾಸ್ಟಿಕ್ ಇರುವಾಗ ಮೋಟರ್ ಹಾಕಬೇಡಿ. ಸಂಜೆಗೆ ಮರೆಯದೆ ಬಿಚ್ಚಿ, ಹೊರಮೈಗೆ ನೀಲಿ ಹನಿ ಬಿದ್ದಿದ್ದರೆ ಮೇನ್ ಆಫ್ ಮಾಡಿ ಒದ್ದೆ ಬಟ್ಟೆಯಲ್ಲಿ ಒರೆಸಿ.